ಗುಬ್ಬಿ ಬಚ್ಚಿಟ್ಟ ಬೀಗದ ಕೈ

ಆಟದ ನಿಯಮಗಳನ್ನು ಮಾಡಿದವಳು ಟೀಚರಮ್ಮನೇ. ಯಾರೂ ಬಂದು ಆಕೆಯ ಕತ್ತಿನ ಮೇಲೆ ಕೂತು ಮಾಡಿಸಿದ್ದಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮಗೆ ಸುಲಭ. ಆದರೆ ಅವತ್ತು ಆಕೆ ಉಂಡದ್ದನ್ನು ಶತ್ರುವಿಗೂ ಬಡಿಸಬಾರದು.

ಮೂರನೇ ತರಗತಿಯ ಮಕ್ಕಳಿಗೆ ಇಂಗ್ಲಿಷಿನ ಇನ್, ಆನ್, ಅಂಡರ್, ಬಿಹೈಂಡ್‌ಗಳನ್ನು ಕಲಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ಒಂದು ಕೂತರೆ ಇನ್ನೊಂದು ಹಾರುತ್ತದೆ. ನಮ್ಮ ಮಾತಿನಲ್ಲಿ ಪೆಟ್ಟಿಗೆ ಎನ್ನುವ ಪದದ ಬಾಲಕ್ಕೆ ಒಂದು 'ಅಲ್ಲಿ' ಅಂಟಿಸಿದರೆ ಕೆಲಸ ಮುಗಿಯಿತು. ಅವರ ಮಾತಿನಲ್ಲಿ ಆ ಬಾಲ ಮುಂದೆ ಬಂದು ಕೂರುತ್ತದೆ. ಹಲಗೆಯ ಮೇಲೆ ಬೆಕ್ಕಿನ ಚಿತ್ರ ಬರೆದು ಮೇಜಿನ ಮೇಲೊಮ್ಮೆ ಕೆಳಗೊಮ್ಮೆ ಕೂರಿಸಿದ್ದಾಯಿತು. ಮಕ್ಕಳು ಬೆಕ್ಕಿನ ಮೀಸೆ ಎಣಿಸಿದರೇ ಹೊರತು ಮಾತು ಕಲಿಯಲಿಲ್ಲ. ಅದಕ್ಕೇ ಟೀಚರಮ್ಮ ಬಚ್ಚಿಡುವ ಆಟ ಶುರುಮಾಡಿದಳು.

ಆಟ ಹೀಗೆ. ಟೀಚರಮ್ಮ ವರಾಂಡಕ್ಕೆ ಹೋಗಿ ಗೋಡೆಗೆ ಮುಖಮಾಡಿ ನಿಲ್ಲಬೇಕು. ಮಕ್ಕಳೆಲ್ಲ ಡೆಸ್ಕಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಬೇಕು. ಸರದಿ ಬಂದ ಒಬ್ಬರು ಮಾತ್ರ ಎದ್ದು ಹಳದಿ ರಬ್ಬರ್ ಬಾತುಕೋಳಿಯನ್ನು ಕೋಣೆಯೊಳಗೆ ಎಲ್ಲಾದರೂ ಬಚ್ಚಿಡಬೇಕು. ಎಲ್ಲಿದೆ ಎನ್ನುವುದು ಬಚ್ಚಿಟ್ಟವರಿಗೊಬ್ಬರಿಗೇ ಗೊತ್ತು. ಆಮೇಲೆ ಟೀಚರಮ್ಮ ಒಳಗೆ ಬಂದು ಇಂಗ್ಲಿಷಿನಲ್ಲಿ ಕೇಳುತ್ತಾ ಹೋಗಬೇಕು: ಅದು ಕುರ್ಚಿಯ ಕೆಳಗಿದೆಯಾ, ಬೀರುವಿನ ಹಿಂದಿದೆಯಾ. ಬಚ್ಚಿಟ್ಟವರು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು. ಮನೆಮಾತಿನಲ್ಲಿ ಬಾಯಿಬಿಟ್ಟವರು ಔಟ್. ಟೀಚರಮ್ಮ ಸರಿಯಾಗಿ ಕೇಳದೆ ಬರೀ ಗೋಗರೆದಾಗ ಮನಸ್ಸು ಕರಗಿ ಜಾಗ ತೋರಿಸಿದವರೂ ಔಟ್.

ಈ ಕೊನೆಯ ನಿಯಮಕ್ಕೊಂದು ಕಥೆಯಿದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿಯ ದನಿ ಎಷ್ಟು ಸಣ್ಣದೆಂದರೆ ಹಾಜರಿ ಕೂಗಿದಾಗ ಆಕೆಯ ಪಕ್ಕದವಳೇ ಆಕೆಯ ಪರವಾಗಿ 'ಬಂದಿದ್ದಾಳೆ' ಅನ್ನಬೇಕಾಗುತ್ತಿತ್ತು. ಎಲ್ಲರೂ ಗುಬ್ಬಿ ಅಂತಲೇ ಕರೆಯುತ್ತಿದ್ದರು. ಹೋದ ತಿಂಗಳು ಗುಬ್ಬಿಯ ಸರದಿ ಬಂದಾಗ ಟೀಚರಮ್ಮನಿಗೆ ತಮಾಷೆ ಮಾಡಬೇಕೆನ್ನಿಸಿತು. ಬಾಗಿಲಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು, "ಅಯ್ಯೋ, ಆ ಬಾತುಕೋಳಿ ಸಿಗದಿದ್ರೆ ನನ್ನ ಕಥೆ ಮುಗೀತು ಮಗೂ, ಕೊಟ್ಬಿಡೇ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣಲ್ಲಿ ನಿಜವಾಗಿಯೂ ನೀರು ತರಿಸಿಕೊಂಡಿದ್ದಳು, ಆ ವಿದ್ಯೆ ಆಕೆಗೆ ಚಿಕ್ಕಂದಿನಿಂದಲೂ ಕರಗತ. ಗುಬ್ಬಿ ಓಡಿಹೋಗಿ ಹಲಗೆಯ ಹಿಂದಿನಿಂದ ಬಾತುಕೋಳಿ ತಂದು ಟೀಚರಮ್ಮನ ಮಡಿಲಲ್ಲಿಟ್ಟಳು. ತರಗತಿ ಛಾವಣಿ ಹಾರಿಹೋಗುವ ಹಾಗೆ ನಕ್ಕಿತು. ಗುಬ್ಬಿ ಔಟ್! ಪಾಪದ ಹುಡುಗಿ ಸಂಜೆಯವರೆಗೂ ಡೆಸ್ಕಿನ ಮೇಲಿಂದ ತಲೆಯೆತ್ತಲಿಲ್ಲ.

ಟೀಚರಮ್ಮನಿಗೂ ಪಿಚ್ಚೆನ್ನಿಸಿತು. ಮನೆಗೆ ಹೊರಟಾಗ ಗೇಟಿನ ಬಳಿ ಹುಡುಗಿಯ ಗಲ್ಲ ಹಿಡಿದು, "ಇನ್ಮೇಲೆ ನಾನೇ ಅತ್ರೂ ನಂಬಬೇಡ ಕಣೇ. ಜೀವ ಹೋಗುತ್ತೆ ಅಂದ್ರೂ ಕೊಡಬೇಡ" ಎಂದು ಹೇಳಿಕೊಟ್ಟಳು. ಗುಬ್ಬಿ ತಲೆಯಾಡಿಸಿದಳು. ಕೆಲವು ಮಕ್ಕಳಿಗೆ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲ. ಗುಬ್ಬಿ ಒಮ್ಮೆ ಕೇಳಿದ್ದನ್ನು ಮರೆಯುವವಳಲ್ಲ.

ಈಗ ಟೀಚರಮ್ಮನ ಮನೆಯ ವಿಷಯ. ಶಾಲೆಯ ಹಿಂದಿನ ಬೀದಿ ದಾಟಿದರೆ ಸಿಗುವ ಹಳೆಯ ಕಟ್ಟಡದ ಮೇಲಂತಸ್ತಿನ ಎರಡು ಕೋಣೆ. ಅದರಲ್ಲಿ ಆಕೆ ಮತ್ತು ಆಕೆಯ ಅಮ್ಮ. ಅಮ್ಮನಿಗೆ ಮರೆವು. ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವಲ್ಲ, ಎದುರಿಗೆ ನಿಂತ ಮಗಳನ್ನು ಯಾರಮ್ಮಾ ನೀನು ಅಂತ ಕೇಳುವ ಮರೆವು. ಒಮ್ಮೆ ಮನೆಯಿಂದ ಹೊರಬಿದ್ದು ದೊಡ್ಡ ರಸ್ತೆಯ ನಡುವೆ ಬಸ್ಸುಗಳ ಮಧ್ಯೆ ಕೂತುಬಿಟ್ಟಿದ್ದಳು. ನೋಡಿಕೊಳ್ಳಲು ಬಂದ ಹೆಂಗಸರು ಕಚ್ಚಿಸಿಕೊಂಡು ಓಡಿಹೋದರು. ಅಣ್ಣ ಎನ್ನುವವನೊಬ್ಬನಿದ್ದ, ಫೋನಿನಲ್ಲಿ ಕಣ್ಣೀರು ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಶಾಲೆ ಬಿಟ್ಟರೆ ಹೊಟ್ಟೆಗಿಲ್ಲ, ಶಾಲೆಗೆ ಬಂದರೆ ಅಮ್ಮನಿಗೆ ದಿಕ್ಕಿಲ್ಲ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಟೀಚರಮ್ಮ ಬಾಗಿಲ ಹೊರಗೆ ಇನ್ನೊಂದು ಕಬ್ಬಿಣದ ಬಾಗಿಲು ಹಾಕಿಸಿದಳು. ವೆಲ್ಡಿಂಗ್‌ನವನು ಅದನ್ನು ಜಗ್ಗಿ ತೋರಿಸಿ, "ಆನೆ ಬಂದ್ರೂ ಅಲ್ಲಾಡಲ್ಲ ಮೇಡಂ, ಕಳ್ಳರ ಭಯಾನಾ?" ಎಂದು ಕೇಳಿದ್ದ. ಹೌದು ಅಂದಿದ್ದಳು. ಅವತ್ತಿನಿಂದ ಬೆಳಗ್ಗೆ ಅಮ್ಮನಿಗೆ ತಿನ್ನಿಸಿ, ನೀರು ಕೈಗೆಟುಕುವಲ್ಲಿಟ್ಟು, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಹೊರಗಿನಿಂದ ಬೀಗ ಹಾಕಿಕೊಂಡು ಬರುತ್ತಿದ್ದಳು. ಊಟದ ಬಿಡುವಿನಲ್ಲಿ ಓಡಿಹೋಗಿ ನೋಡಿಕೊಂಡು ಬರುತ್ತಿದ್ದಳು. ಕಟ್ಟಡದವರಿಗೂ ಶಾಲೆಯವರಿಗೂ ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ ಎಂದು ಹೇಳಿಯಾಗಿತ್ತು. ಹೆತ್ತವಳನ್ನು ಕೂಡಿಹಾಕಿದವಳು ಅನ್ನಿಸಿಕೊಳ್ಳುವ ಧೈರ್ಯ ಆಕೆಗಿರಲಿಲ್ಲ. ಕೆಳಗಿನ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ ಒಮ್ಮೆ, "ಹಗಲಲ್ಲಿ ಮೇಲೆ ಯಾರೋ ಓಡಾಡಿದ ಹಾಗೆ ಸದ್ದಾಗುತ್ತಲ್ಲ ಟೀಚರ್?" ಅಂದಾಗ, "ಇಲಿ ಕಾಟ" ಅಂದುಬಿಟ್ಟಿದ್ದಳು. ಇನ್ನೊಂದು ಬೀಗದ ಕೈಯನ್ನು ಯಾರಿಗಾದರೂ ಕೊಟ್ಟರೆ ಗುಟ್ಟೂ ಜೊತೆಗೇ ಹೋಗುತ್ತದಲ್ಲ, ಅದಕ್ಕೆ ಅದು ಮನೆಯೊಳಗೇ ಮೊಳೆಗೆ ನೇತಾಡುತ್ತಿತ್ತು.

ಅವತ್ತು ಎರಡನೇ ಪೀರಿಯಡ್. ಮಕ್ಕಳು ಆಟ ಆಟ ಎಂದು ಪ್ರಾಣ ತಿಂದರು. ಬಾತುಕೋಳಿಯನ್ನು ನೋಡಿದರೆ ಯಾರೋ ಕಾಲಲ್ಲಿ ತುಳಿದು ಹೊಟ್ಟೆ ಹರಿದುಹಾಕಿದ್ದರು. ಟೀಚರಮ್ಮ ಬ್ಯಾಗಿಗೆ ಕೈಹಾಕಿದಳು. ಮೊದಲು ಕೈಗೆ ಸಿಕ್ಕಿದ್ದು ಕೆಂಪು ದಾರ ಕಟ್ಟಿದ ಬೀಗದ ಕೈ. ಇರಲಿ, ಕೋಣೆ ಬಿಟ್ಟು ಎಲ್ಲಿಗೆ ಹೋದೀತು ಅಂದುಕೊಂಡಳು. ಗುಬ್ಬಿಯ ಸರದಿ. ಅಂಗೈಯಲ್ಲಿಟ್ಟು, "ಜಾಣೆಯ ಹಾಗೆ ಬಚ್ಚಿಡು" ಎಂದು ಹೇಳಿ ವರಾಂಡಕ್ಕೆ ಹೋದಳು.

ಗೋಡೆಗೆ ಮುಖಮಾಡುವಷ್ಟರಲ್ಲಿ ಫೋನು ನಡುಗಿತು. ಕೆಳಮನೆಯ ದರ್ಜಿ.

"ಟೀಚರ್, ಗಾಬರಿ ಆಗ್ಬೇಡಿ. ನಿಮ್ಮ ಅಡುಗೆಮನೆ ಕಿಟಕಿಯಿಂದ ಹೊಗೆ ಬರ್ತಾ ಇದೆ. ಒಲೆ ಹಚ್ಚಿಟ್ಟು ಹೋದ್ರಾ ಏನು ಕಥೆ? ಒಳಗೆ ಯಾರೂ ಇಲ್ಲ ತಾನೇ?"

"ಇಲ್ಲ, ಯಾರೂ ಇಲ್ಲ" ಅಂದಳು ಟೀಚರಮ್ಮ.

ನಾಲಿಗೆಗೆ ಅಷ್ಟು ರೂಢಿಯಾಗಿಹೋಗಿತ್ತು. ಯೋಚನೆ ಬರುವ ಮೊದಲೇ ಸುಳ್ಳು ಬಂತು. "ಸದ್ಯ! ಹಾಗಾದ್ರೆ ಬೇಗ ಬೀಗದ ಕೈ ತಗೊಂಡು ಬನ್ನಿ, ನಾನು ಮೇಲೆ ಹೋಗಿರ್ತೀನಿ" ಎಂದು ದರ್ಜಿ ಫೋನಿಟ್ಟ. ಆಮೇಲೆ ಆಕೆಗೆ ಒಲೆಯ ನೆನಪಾಯಿತು. ಬೆಳಗ್ಗೆ ಸಿಲಿಂಡರ್ ಬಂದ್ ಮಾಡಿದೆನಾ? ಅಮ್ಮ ತಿನ್ನುವಾಗ ಹಟ ಮಾಡಿದಳು, ತಟ್ಟೆ ಬೀಳಿಸಿದಳು, ನೆಲ ಒರೆಸಿದೆ, ಹೊತ್ತಾಯಿತೆಂದು ಓಡಿಬಂದೆ. ಬಂದ್ ಮಾಡಿದ್ದು ನೆನಪಿಲ್ಲ. ಮತ್ತೆ ಮತ್ತೆ ಫೋನ್ ಮಾಡಿದಳು. ಬಡಿದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಆತ ಅದನ್ನು ಹೊಲಿಗೆ ಯಂತ್ರದ ಮೇಲೇ ಬಿಟ್ಟು ಮೆಟ್ಟಿಲು ಹತ್ತಿರಬೇಕು. ಒಳಗೆ ಯಾರೂ ಇಲ್ಲ ಎಂದು ನಂಬಿದವನು ಬಾಗಿಲು ಒಡೆಯುವ ಗೋಜಿಗೆ ಯಾಕೆ ಹೋದಾನು? ನೀರಿನ ಬಕೆಟ್ ಹಿಡಿದು ಬೀಗದ ಕೈಗಾಗಿ ಕಾಯುತ್ತಾ ನಿಂತಿರುತ್ತಾನೆ. ಬೀಗದ ಕೈಯಿಲ್ಲದೆ ಓಡಿದರೆ ಆ ಕಬ್ಬಿಣದ ಬಾಗಿಲು ತನಗೂ ಅಲ್ಲಾಡದು.

ಟೀಚರಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಗುಬ್ಬೀ, ಬೀಗದ ಕೈ ಕೊಡೇ! ಬೇಗ, ಎಲ್ಲಿಟ್ಟೆ?"

ಮಕ್ಕಳು ತಲೆಯೆತ್ತಿ ನೋಡಿದರು. ಟೀಚರಮ್ಮನ ಮುಖ ಬಿಳಿಚಿಕೊಂಡಿತ್ತು. ಒಂದು ಕ್ಷಣ ಬಿಟ್ಟು ಇಡೀ ತರಗತಿ ಘೊಳ್ಳೆಂದಿತು.

"ಶುರುವಾಯ್ತು, ಶುರುವಾಯ್ತು! ಗುಬ್ಬೀ, ನಂಬಬೇಡ್ವೇ!"

"ಟೀಚರ್ ಔಟ್! ಇಂಗ್ಲಿಷಲ್ಲಿ ಕೇಳಿಲ್ಲ!"

"ಆಟ ಅಲ್ರೋ ಇದು, ಆಟ ನಿಲ್ಸಿ!" ಟೀಚರಮ್ಮ ಕಿರುಚಿದಳು. "ನಿಜವಾಗ್ಲೂ ಹೇಳ್ತಿದ್ದೀನಿ, ಬೀಗದ ಕೈ ಬೇಕು ನಂಗೆ!"

ಹೋದ ಸಲಕ್ಕಿಂತ ಈ ಸಲ ಇನ್ನೂ ಚೆನ್ನಾಗಿ ಮಾಡುತ್ತಿದ್ದಾರೆ ಎಂದು ಮಕ್ಕಳು ಚಪ್ಪಾಳೆ ತಟ್ಟಿದರು. ಗುಬ್ಬಿ ಕಿಟಕಿಯ ಪಕ್ಕ ನೆಟ್ಟಗೆ ನಿಂತಿದ್ದಳು. ತುಟಿ ಬಿಗಿದುಕೊಂಡಿದ್ದಳು. ಕಣ್ಣಿನಲ್ಲಿ ಮಾತ್ರ ಒಂದು ಸಣ್ಣ ಹೆಮ್ಮೆ: ಈ ಸಲ ನಾನು ಮೋಸ ಹೋಗುವುದಿಲ್ಲ.

ಟೀಚರಮ್ಮ ಮಾತು ಬಿಟ್ಟು ಹುಡುಕಲು ನಿಂತಳು. ಮೇಜಿನ ಡ್ರಾಯರ್ ಎಳೆದು ನೆಲಕ್ಕೆ ಸುರಿದಳು. ಸೀಮೆಸುಣ್ಣದ ಡಬ್ಬಿ ಮಗುಚಿದಳು. ಕಸದ ಬುಟ್ಟಿಗೆ ಕೈಹಾಕಿದಳು. ಮಕ್ಕಳ ಬ್ಯಾಗುಗಳನ್ನು ಒಂದೊಂದಾಗಿ ಕೊಡವಿದಳು. ಪುಸ್ತಕ, ಪೆನ್ಸಿಲ್, ಅರ್ಧ ತಿಂದ ಸೇಬು ಎಲ್ಲ ಹೊರಳಾಡಿದವು. ಮಕ್ಕಳ ನಗು ಒಬ್ಬೊಬ್ಬರದಾಗಿ ಆರತೊಡಗಿತು. ಅಷ್ಟು ಹೊತ್ತಿಗೆ ಟೀಚರಮ್ಮನ ತಲೆಯಲ್ಲಿ ಹೊಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಗುಬ್ಬಿಯ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು.

"ಹೇಳ್ತೀಯೋ ಇಲ್ವೋ? ಹೇಳೇ!"

ಜೇಬು ತಡಕಿದಳು, ಮುಷ್ಟಿ ಬಿಡಿಸಿದಳು. ಏನೂ ಇಲ್ಲ. ಗುಬ್ಬಿಯ ಕಣ್ಣಿಂದ ಹೆಮ್ಮೆ ಹೋಗಿ ಭಯ ಬಂತು. ಭಯ ಬಂದರೆ ಕೆಲವರ ಬಾಯಿ ತೆರೆಯುತ್ತದೆ, ಗುಬ್ಬಿಯಂಥವರ ಬಾಯಿಗೆ ಇನ್ನೊಂದು ಅಗುಳಿ ಬೀಳುತ್ತದೆ. ಆಕೆ ಹಲ್ಲು ಕಚ್ಚಿಕೊಂಡು ಗೋಡೆಗೆ ಅಂಟಿಕೊಂಡಳು. ಮುಂದಿನ ಬೆಂಚಿನ ಒಬ್ಬಳು ಅಳಲು ಶುರುಮಾಡಿದಳು.

ಟೀಚರಮ್ಮ ಕೈ ತೆಗೆದಳು. ಹೊಡೆಯುವುದಕ್ಕೆ ಇನ್ನೇನು ಸ್ವಲ್ಪ ಉಳಿದಿತ್ತು. ಗುಬ್ಬಿ ಇಂಗ್ಲಿಷಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಉತ್ತರ ಕೊಡುವುದಿಲ್ಲ ಎಂಬುದು ಅರ್ಥವಾಯಿತು. ಸರಿ, ಹಾಗೇ ಆಗಲಿ. ಒಣಗಿದ ಬಾಯಲ್ಲಿ ಕೇಳತೊಡಗಿದಳು.

"ಈಸ್ ಇಟ್ ಇನ್ ದ ಕಬರ್ಡ್?"

"ನೋ ಟೀಚರ್. ಇಟ್ ಈಸ್ ನಾಟ್ ಇನ್ ದ ಕಬರ್ಡ್."

"ಈಸ್ ಇಟ್ ಬಿಹೈಂಡ್ ದ ಮ್ಯಾಪ್?"

"ನೋ ಟೀಚರ್. ಇಟ್ ಈಸ್ ನಾಟ್ ಬಿಹೈಂಡ್ ದ ಮ್ಯಾಪ್."

ಒಂದು ತಪ್ಪಿಲ್ಲದ ಉತ್ತರ. ಬೇರೆ ದಿನವಾಗಿದ್ದರೆ ಟೀಚರಮ್ಮ ಕುಣಿದಾಡುತ್ತಿದ್ದಳು. ಈಗ ಪ್ರತಿ ಪೂರ್ತಿ ವಾಕ್ಯವೂ ಆಕೆಯ ಅಮ್ಮನ ಉಸಿರಿನಿಂದ ಒಂದಿಷ್ಟನ್ನು ಕಿತ್ತುಕೊಳ್ಳುತ್ತಿತ್ತು. ಕಿಟಕಿಯ ಮೇಲೆ, ಡೆಸ್ಕಿನ ಕೆಳಗೆ, ಹೂಕುಂಡದೊಳಗೆ. ನೋ ಟೀಚರ್. ನೋ ಟೀಚರ್. ಕೇಳಲು ಜಾಗಗಳು ಮುಗಿದವು. ಹೋದ ತಿಂಗಳು ಅಭಿನಯಕ್ಕೆಂದು ಕೂತಿದ್ದ ಜಾಗದಲ್ಲೇ ಟೀಚರಮ್ಮ ಕುಸಿದು ಕೂತಳು. ಈ ಸಲ ಕಣ್ಣೀರು ಬರಿಸಿಕೊಳ್ಳಬೇಕಾಗಿರಲಿಲ್ಲ. ಅಲ್ಲಿಯವರೆಗೆ ಯಾರೊಬ್ಬರ ಮುಂದೂ ಹೇಳದ ಮಾತನ್ನು ಆಕೆ ಆ ಹುಡುಗಿಗೆ, ಆ ಹುಡುಗಿ ಒಪ್ಪುವ ಮಾತಿನಲ್ಲಿ ಹೇಳಿದಳು.

"ಮೈ ಮದರ್ ಈಸ್ ಇನ್ ದ ಹೌಸ್. ದೇರ್ ಈಸ್ ಫೈರ್ ಇನ್ ದ ಹೌಸ್. ಶೀ ಈಸ್ ಬಿಹೈಂಡ್ ದ ಡೋರ್."

ಯಾರೂ ನಗಲಿಲ್ಲ. ಅಷ್ಟು ಇಂಗ್ಲಿಷು ಎಲ್ಲರಿಗೂ ತಿಳಿಯುತ್ತಿತ್ತು, ಆಕೆಯೇ ಕಲಿಸಿದ್ದು. ಗದ್ದಲ ಕೇಳಿ ಪಕ್ಕದ ಕೋಣೆಯಿಂದ ಬಂದ ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ತಾಯಿ ಅಣ್ಣನ ಮನೇಲಿದ್ದಾರೆ ಅಂದಿದ್ರಲ್ಲಮ್ಮಾ?" ಅಂದರು.

ಗುಬ್ಬಿ ಒಂದು ಹೆಜ್ಜೆ ಮುಂದೆ ಬಂದಳು. ಇನ್ನೂ ಅನುಮಾನ. ಒಮ್ಮೆ ಸುಟ್ಟುಕೊಂಡ ಮಗು ಅದು. ಅದರ ಸಣ್ಣ ದನಿ ಮೊದಲ ಸಲ ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು, ಅದೂ ಮನೆಮಾತಿನಲ್ಲಿ.

"ಬೀಗ ಯಾರು ಹಾಕಿದ್ದು ಟೀಚರ್?"

ಟೀಚರಮ್ಮ ಆ ಮುಖವನ್ನೇ ನೋಡಿದಳು. ಕಳ್ಳರ ಭಯ, ಇಲಿ ಕಾಟ, ಅಣ್ಣನ ಮನೆ ಎಲ್ಲ ಇಲ್ಲಿಗೆ ಬಂದು ಮುಗಿದವು.

"ನಾನೇ" ಅಂದಳು. "ನಾನೇ ಕಣೇ ಹಾಕಿದ್ದು. ದಿನಾ ಹಾಕ್ತೀನಿ."

ಸುಳ್ಳೇ ಅಳುವವರು ತಮ್ಮ ಮೇಲೆ ತಪ್ಪು ಹೊತ್ತುಕೊಳ್ಳುವುದಿಲ್ಲ ಎನ್ನುವುದು ಮಕ್ಕಳಿಗೆ ದೊಡ್ಡವರಿಗಿಂತ ಚೆನ್ನಾಗಿ ಗೊತ್ತು. ಗುಬ್ಬಿ ನೆಲಕ್ಕೆ ಕೂತು ಎಡಗಾಲಿನ ಬೂಟಿನ ದಾರ ಬಿಚ್ಚಿದಳು. ಗಂಟು ಬಿಗಿದಿತ್ತು, ಟೀಚರಮ್ಮ ಬೂಟನ್ನೇ ಹಿಡಿದು ಎಳೆದಳು. ಕಾಲುಚೀಲದೊಳಗೆ, ಪಾದದ ಕೆಳಗೆ, ಕೆಂಪು ದಾರದ ಸಮೇತ ಬೀಗದ ಕೈ ಇತ್ತು. ಇಷ್ಟು ಹೊತ್ತೂ ಅದರ ಮೇಲೇ ನಿಂತಿದ್ದ ಆ ಎಳೆ ಅಂಗಾಲಿನಲ್ಲಿ ಅದರ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು.

"ನಾನು ಔಟಾ?" ಎಂದು ಗುಬ್ಬಿ ಕೇಳಿದಳು. ಉತ್ತರ ಕೊಡಲು ಟೀಚರಮ್ಮ ಅಲ್ಲಿರಲಿಲ್ಲ.

ಹಿಂದಿನ ಬೀದಿಯಲ್ಲಿ ಆಕೆ ಓಡಿದ ಓಟವನ್ನು ಜನ ನಿಂತು ನೋಡಿದರು. ಒಂದು ಚಪ್ಪಲಿ ಶಾಲೆಯ ಗೇಟಿನಲ್ಲೇ ಹೋಯಿತು, ಇನ್ನೊಂದನ್ನು ಆಕೆಯೇ ಕಿತ್ತೆಸೆದಳು. ಮೆಟ್ಟಿಲಿನಲ್ಲೇ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಆಕೆ ಎಣಿಸಿದ ಹಾಗೇ ದರ್ಜಿ ಬಕೆಟ್ ಹಿಡಿದು ನಿಂತಿದ್ದ.

"ನಿಧಾನ ಟೀಚರ್, ನಿಧಾನ. ಸಾಮಾನು ಹೋದ್ರೆ ಹೋಯ್ತು, ಜೀವಕ್ಕೇನೂ ಆಗಿಲ್ವಲ್ಲ" ಎಂದು ಸಮಾಧಾನ ಹೇಳಿದ.

"ಅಮ್ಮ ಒಳಗಿದ್ದಾಳೆ" ಅಂದಳು ಟೀಚರಮ್ಮ.

ದರ್ಜಿ ಬೀಗ ಹಾಕಿದ ಬಾಗಿಲು ನೋಡಿದ, ಆಮೇಲೆ ಆಕೆಯನ್ನು ನೋಡಿದ. "ಇಲಿ ಅಂದಿದ್ರಿ" ಎಂದು ಮೆಲ್ಲಗೆ ಅಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಬೀಗದ ಕೈಯನ್ನು ದರ್ಜಿಯೇ ಕಿತ್ತುಕೊಂಡು ಬಾಗಿಲು ತೆಗೆದ. ಒಳಗೆ ಹೊಗೆ ಮೊಣಕಾಲಿನವರೆಗೆ ಇಳಿದಿತ್ತು. ಆತ ಬಟ್ಟೆಯಲ್ಲಿ ಮೂಗು ಮುಚ್ಚಿಕೊಂಡು ಅಡುಗೆಮನೆಗೆ ನುಗ್ಗಿ ಒಲೆ ಆರಿಸಿದ. ಖಾಲಿ ಪಾತ್ರೆ ಕರಿಕಲಾಗಿ, ಪಕ್ಕದ ಕೈಬಟ್ಟೆ ಹೊತ್ತಿಕೊಂಡು, ಕಟ್ಟೆಯ ಮೇಲಿನ ಪ್ಲಾಸ್ಟಿಕ್ ಡಬ್ಬಗಳು ಕರಗಿ ಸುರಿಯುತ್ತಿದ್ದವು. ನೀರು ಬಿದ್ದು ಚುರ್ ಎಂದಿತು. ಅಮ್ಮ ಅಲ್ಲಿರಲಿಲ್ಲ.

"ಅಮ್ಮಾ! ಅಮ್ಮಾ!"

ಉತ್ತರವಿಲ್ಲ. ಟೀಚರಮ್ಮ ಬಚ್ಚಲಲ್ಲಿ ನೋಡಿದಳು. ಬಾಗಿಲ ಹಿಂದೆ ನೋಡಿದಳು. ಪರದೆ ಸರಿಸಿದಳು, ಬೀರು ತೆರೆದಳು, ಹೊದಿಕೆಗಳ ರಾಶಿಯ ಮೇಲೆ ಕೈಯಾಡಿಸಿದಳು. ಮೊಳೆಯಲ್ಲಿ ಇನ್ನೊಂದು ಬೀಗದ ಕೈ ಸುಮ್ಮನೆ ನೇತಾಡುತ್ತಿತ್ತು. ಕೆಮ್ಮು ಬಂದು ನೆಲಕ್ಕೆ ಬಗ್ಗಿದಾಗ ಕಂಡಿತು: ಮಂಚದ ಕೆಳಗೆ, ಟ್ರಂಕಿನ ಹಿಂದೆ, ಗೋಡೆಗೆ ಒತ್ತಿಕೊಂಡು ಒಂದು ಪುಟ್ಟ ಆಕಾರ. ಮಂಡಿ ಮಡಚಿಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು ಮಲಗಿದ್ದಳು ಅಮ್ಮ. ಕಣ್ಣು ತೆರೆದಿದ್ದವು. ಮಿಟುಕಿದವು.

ಟೀಚರಮ್ಮ ಹೊಟ್ಟೆಯ ಮೇಲೆ ತೆವಳಿಕೊಂಡು ಮಂಚದ ಕೆಳಗೆ ಹೋದಳು. ಅಮ್ಮನ ಕೈ ಹಿಡಿದಳು. ಬೆಚ್ಚಗಿತ್ತು. "ಬಾ ಅಮ್ಮಾ, ಹೊರಗೆ ಹೋಗೋಣ ಬಾ."

"ಶ್!" ಅಮ್ಮ ತುಟಿಗೆ ಬೆರಳಿಟ್ಟಳು. ಮಗಳ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡಿ, ಸ್ವಲ್ಪ ಕೆಮ್ಮಿ, ಗುಟ್ಟಿನ ದನಿಯಲ್ಲಿ ಹೇಳಿದಳು: "ನೀನು ಯಾರ ಮನೆ ಹುಡುಗಿಯೋ ಗೊತ್ತಿಲ್ಲಮ್ಮ, ಒಳ್ಳೆಯವಳ ಹಾಗೆ ಕಾಣ್ತೀಯ. ನಾನಿಲ್ಲಿದ್ದೀನಿ ಅಂತ ನನ್ನ ಮಗಳಿಗೆ ಮಾತ್ರ ಹೇಳ್ಬೇಡ. ಕೆಟ್ಟವಳೇನಲ್ಲ ಅವಳು. ಆದ್ರೆ ಬೀಗ ಹಾಕ್ಬಿಡ್ತಾಳೆ."

ಟೀಚರಮ್ಮ ಇನ್ನೂ ಹತ್ತಿರ ತೆವಳಿದಳು.

"ಹೇಳಲ್ಲ" ಅಂದಳು.

"ಅವಳು ಬಂದು ಅತ್ರೂ ಹೇಳ್ಬಾರ್ದು. ಚಿಕ್ಕಂದಿನಿಂದ್ಲೂ ಅಳೋದ್ರಲ್ಲಿ ಭಾರೀ ಜಾಣೆ ಅವಳು."

"ಇಲ್ಲ ಅಮ್ಮಾ. ಅತ್ರೂ ಹೇಳಲ್ಲ."

ಅಮ್ಮ ನೆಮ್ಮದಿಯಿಂದ ಆಕೆಯ ಬೆರಳು ಹಿಡಿದುಕೊಂಡಳು. ದರ್ಜಿ ಕಿಟಕಿಗಳನ್ನೆಲ್ಲ ತೆರೆದು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದ. "ಟೀಚರ್, ಎಲ್ಲಿದ್ದೀರಿ? ಅಮ್ಮ ಸಿಕ್ಕಿದ್ರಾ? ಎಲ್ಲಿದ್ದಾರೆ?" ಎಂದು ಕೂಗಿದ. ಟೀಚರಮ್ಮ ಮಂಚದ ಕೆಳಗೆ ನೆಲಕ್ಕೆ ಕೆನ್ನೆಯಿಟ್ಟುಕೊಂಡು, ಬಾಯಿಗೆ ಅಂಗೈ ಒತ್ತಿ ಅಳು ನುಂಗುತ್ತಿದ್ದಳು. ಉತ್ತರ ಕೊಡಲಿಲ್ಲ.